ಹೆಲ್ಮೆಟ್‌ನೊಳಗಿನ ಮಾತು: ನಿಸ್ತಂತು ಇಂಟರ್‌ಕಾಮ್‌ನ ಹಿತ-ಮಿತ

ಬೈಕಿನ ಮೇಲೆ ಕುಳಿತ ಇಬ್ಬರ ತಲೆಗಳ ನಡುವಿನ ಅಂತರ ಹೆಚ್ಚೆಂದರೆ ಒಂದೆರಡು ಗೇಣು. ಆದರೂ ವೇಗ ಗಂಟೆಗೆ 60 ಕಿ.ಮೀ. ದಾಟಿತೆಂದರೆ ಹಿಂಬದಿ ಸವಾರರು ಆಡಿದ ಮಾತು ಮುಂದಿನವರ ಕಿವಿ ತಲುಪುವುದೇ ಕಷ್ಟ. ಭುಜ ತಟ್ಟುವುದು, ಮುಂದಕ್ಕೆ ಬಾಗಿ ಕೂಗುವುದು, ಸವಾರ ಅರ್ಧ ಹಿಂದಿರುಗಿ ‘ಏನಂದೆ?’ ಎಂದು ಕೇಳುವುದು ಹೆದ್ದಾರಿಗಳಲ್ಲಿ ನಿತ್ಯದ ದೃಶ್ಯ. ಹಾಗೆ ಮುಖ ತಿರುಗಿಸಿದ ಒಂದು ಸೆಕೆಂಡಿನಲ್ಲಿ ವಾಹನ ಸುಮಾರು 17 ಮೀಟರ್ ಮುಂದೆ ಸಾಗಿರುತ್ತದೆ.

ಈ ತೊಡಕಿಗೆ ಪರಿಹಾರವಾಗಿ ಬಂದದ್ದು ಹೆಲ್ಮೆಟ್‌ಗೆ ಜೋಡಿಸುವ ನಿಸ್ತಂತು ಇಂಟರ್‌ಕಾಮ್. ವಾರಾಂತ್ಯದಲ್ಲಿ ಬೆಂಗಳೂರಿನಿಂದ ಮಲೆನಾಡಿನತ್ತ ಹೊರಡುವ ಬೈಕ್ ತಂಡಗಳಲ್ಲಿ ಅದು ಈಗ ಅಪರೂಪದ ವಸ್ತುವಲ್ಲ. ಆದರೆ ಕೊಂಡವರೆಲ್ಲ ಅದರ ಗುಣವನ್ನೂ ಮಿತಿಯನ್ನೂ ಅರಿತೇ ಬಳಸುತ್ತಿದ್ದಾರೆ ಎನ್ನುವಂತಿಲ್ಲ. ಒಂದೇ ರಸ್ತೆಯನ್ನು ಕಾಣುತ್ತಿರುವವರ ನಡುವಿನ ಮಾತಿಗೂ, ರಸ್ತೆಯನ್ನೇ ಕಾಣದ ದೂರದ ವ್ಯಕ್ತಿಯೊಡನೆ ಆಡುವ ಮಾತಿಗೂ ಇರುವ ವ್ಯತ್ಯಾಸವನ್ನು ಈ ಪುಟ್ಟ ಪೆಟ್ಟಿಗೆ ಗುರುತಿಸಲಾರದು.

ಸಾಧನದ ರಚನೆ ಸರಳ. ಹೆಲ್ಮೆಟ್‌ನ ಎಡಬದಿಗೆ ಕ್ಲಿಪ್ ಅಥವಾ ಅಂಟುಪಟ್ಟಿಯ ನೆರವಿನಿಂದ ಕೂರುವ ಪೆಟ್ಟಿಗೆಯಲ್ಲಿ ಬ್ಯಾಟರಿ, ರೇಡಿಯೊ ಮತ್ತು ಗುಂಡಿಗಳಿರುತ್ತವೆ. ಅಲ್ಲಿಂದ ಒಳಕ್ಕೆ ಹರಿದ ತೆಳು ತಂತಿಗಳ ತುದಿಯಲ್ಲಿ ಎರಡು ಚಪ್ಪಟೆ ಸ್ಪೀಕರ್, ಒಂದು ಮೈಕ್. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಆದರೆ ಮೈಕ್ ಗದ್ದದ ಭಾಗದ ಒಳಬದಿಗೆ ಅಂಟಿಕೊಳ್ಳುತ್ತದೆ. ಮುಖ ತೆರೆದಿರುವ ಹೆಲ್ಮೆಟ್ ಆದರೆ ಬಾಗುವ ಕಡ್ಡಿಯ ತುದಿಯಲ್ಲಿ ಬಾಯಿಯ ಮುಂದೆ ನಿಲ್ಲುತ್ತದೆ. (ನಿಸ್ತಂತು ಎಂಬ ವಿಶೇಷಣ ಎರಡು ಹೆಲ್ಮೆಟ್‌ಗಳ ನಡುವಿನ ಸಂಪರ್ಕಕ್ಕಷ್ಟೇ ಅನ್ವಯ, ಹೆಲ್ಮೆಟ್‌ನೊಳಗೆ ತಂತಿ ಇದ್ದೇ ಇದೆ.) ತಲೆಯ ಮೇಲ್ಭಾಗವನ್ನು ಮಾತ್ರ ಮುಚ್ಚುವ ಅರ್ಧ ಹೆಲ್ಮೆಟ್‌ನಲ್ಲಿ ಸ್ಪೀಕರ್ ಕೂರಿಸಲು ಜಾಗವೇ ಇರುವುದಿಲ್ಲ. ಅಂಥದ್ದನ್ನು ತೊಡುವವರು ಇಂಟರ್‌ಕಾಮ್‌ಗೆ ತೆಗೆದಿಟ್ಟ ಹಣದಲ್ಲಿ ಮೊದಲು ಒಳ್ಳೆಯ ಹೆಲ್ಮೆಟ್ ಕೊಳ್ಳುವುದೇ ಲೇಸು.

ಇಸ್ರೇಲಿನ ಕಾರ್ಡೊ ಸಂಸ್ಥೆ 2004ರಲ್ಲಿ ‘ಸ್ಕಾಲಾ ರೈಡರ್’ ಎಂಬ ಸಾಧನವನ್ನು ಮಾರುಕಟ್ಟೆಗೆ ತಂದ ನಂತರ ಬ್ಲೂಟೂತ್ ತಂತ್ರಜ್ಞಾನ ಹೆಲ್ಮೆಟ್ ಹೊಕ್ಕಿತು. ದಕ್ಷಿಣ ಕೊರಿಯದ ಸೆನಾ ಮುಂತಾದ ಸಂಸ್ಥೆಗಳು ಬಳಿಕ ಪೈಪೋಟಿಗಿಳಿದವು. ಬೆಂಗಳೂರಿನದೇ ಆದ ಬ್ಲೂಆರ್ಮರ್ ಮೊದಲು ಹೆಲ್ಮೆಟ್‌ನೊಳಗೆ ತಂಪು ಗಾಳಿ ಊದುವ ಸಾಧನದಿಂದ ಹೆಸರಾಗಿ, ಆಮೇಲೆ ಇಂಟರ್‌ಕಾಮ್ ತಯಾರಿಕೆಗೂ ಕೈಹಾಕಿತು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದರಿಂದ, ಒಂದೇ ಬೈಕಿನ ಇಬ್ಬರೂ ಇದನ್ನು ಬಳಸುವುದಕ್ಕೆ ಬೇಕಾದ ನೆಲೆ ಇಲ್ಲಿ ಸಿದ್ಧವಾಗಿದೆ.

ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಆಸುಪಾಸಿನ ತರಂಗಗಳಲ್ಲಿ. ಭಾರತದಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಈ ತರಂಗಗುಚ್ಛವನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಅದನ್ನು 79 ಕಿರು ಹಾದಿಗಳಾಗಿ ವಿಂಗಡಿಸಿ, ಸೆಕೆಂಡಿಗೆ 1,600 ಬಾರಿ ಹಾದಿಯಿಂದ ಹಾದಿಗೆ ಜಿಗಿಯುತ್ತಾ ಸಂಕೇತ ಸಾಗುತ್ತದೆ. ಪಕ್ಕದ ಬೈಕಿನವರ ಮಾತು ಇನ್ನೊಬ್ಬರ ಹೆಲ್ಮೆಟ್‌ಗೆ ನುಸುಳದಿರುವುದಕ್ಕೆ ಈ ಜಿಗಿತವೂ, ಮೊದಲೇ ಜೋಡಿ ಮಾಡಿಕೊಂಡ ಸಾಧನಗಳು ಮಾತ್ರ ಪರಸ್ಪರ ಆಲಿಸುವ ಏರ್ಪಾಡೂ ಕಾರಣ. ಇದಕ್ಕೆ ಮೊಬೈಲ್ ಗೋಪುರದ ಹಂಗಿಲ್ಲ. ಹೀಗಾಗಿ ಫೋನಿನ ಸಿಗ್ನಲ್ ಮಾಯವಾಗುವ ಘಟ್ಟದ ಹಾದಿಯಲ್ಲೂ ಸವಾರರು ಮಾತನಾಡಿಕೊಳ್ಳಬಹುದು.

ಮೂವರು, ನಾಲ್ವರು ಸೇರಿದಾಗ ಹಳೆಯ ಮಾದರಿಯ ಕೊರತೆ ಕಾಣುತ್ತದೆ. ಅಲ್ಲಿ ಸಂಪರ್ಕ ಸರಪಳಿಯಂತೆ. ಮೊದಲನೆಯವರ ಮಾತು ಎರಡನೆಯವರ ಮೂಲಕವೇ ಮೂರನೆಯವರಿಗೆ ತಲುಪಬೇಕು. ಮಧ್ಯದ ಬೈಕು ಪೆಟ್ರೋಲಿಗೆ ನಿಂತರೆ ಇಬ್ಬರೂ ಕಿವುಡರು. 2015ರಲ್ಲಿ ಕಾರ್ಡೊ ಪರಿಚಯಿಸಿದ ‘ಮೆಶ್’ ವ್ಯವಸ್ಥೆ ಸರಪಳಿಯ ಬದಲು ಬಲೆ ನೇಯ್ದಿತು. ಒಬ್ಬರು ಹಿಂದುಳಿದರೆ ಉಳಿದವರ ನಡುವೆ ಮಾತು ತಾನಾಗಿ ಬೇರೆ ದಾರಿ ಹಿಡಿಯುತ್ತದೆ. ಅವರು ಮತ್ತೆ ಬಂದು ಸೇರಿದಾಗ ಗುಂಡಿ ಒತ್ತಬೇಕಿಲ್ಲ. 15 ಮಂದಿಯವರೆಗೆ ಈ ಬಲೆಯಲ್ಲಿ ಇರಬಹುದೆಂದು ಸಂಸ್ಥೆ ಹೇಳಿತು. ಆದರೆ ಒಂದು ಸಂಸ್ಥೆಯ ಮೆಶ್ ಇನ್ನೊಂದು ಸಂಸ್ಥೆಯದರೊಡನೆ ಸಾಮಾನ್ಯವಾಗಿ ಬೆರೆಯುವುದಿಲ್ಲ. ತಂಡವಾಗಿ ಕೊಳ್ಳುವವರು ಬೆಲೆ ನೋಡುವ ಮೊದಲು ಇದನ್ನು ವಿಚಾರಿಸಬೇಕು.

ಪೆಟ್ಟಿಗೆಯ ಮೇಲೆ ಮುದ್ರಿಸಿರುವ ‘ಒಂದು ಕಿಲೋಮೀಟರ್’, ‘ಒಂದೂವರೆ ಕಿಲೋಮೀಟರ್’ ಎಂಬ ವ್ಯಾಪ್ತಿಯನ್ನು ಅಕ್ಷರಶಃ ನಂಬಲಾಗದು. ಅದು ಅಡ್ಡಿಯಿಲ್ಲದ ಬಯಲಿನ ನೇರ ದಾರಿಯ ಲೆಕ್ಕ. 2.4 ಗಿಗಾಹರ್ಟ್ಸ್ ತರಂಗ ಗುಡ್ಡವನ್ನು ದಾಟಲಾರದು. ಮಳೆಯಲ್ಲಿ ತೊಯ್ದ ಎಲೆಗಳೂ ಅದನ್ನು ಹೀರುತ್ತವೆ. ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ಮುಂದಿನ ಬೈಕು ಒಂದು ತಿರುವು ದಾಟಿದೊಡನೆ ಮಾತು ಕಡಿದರೆ ಸಾಧನ ಕೆಟ್ಟಿದೆ ಎಂದು ಭಾವಿಸಬೇಕಿಲ್ಲ.

ಕೂರಿಸುವ ಬಗೆ: ‘ಧ್ವನಿ ಸಾಲದು’ ಎಂಬ ದೂರಿಗೆ ಬಹುಪಾಲು ಕಾರಣ ಸಾಧನವಲ್ಲ, ಸ್ಪೀಕರ್ ಇರಿಸಿದ ಜಾಗ. ಸ್ಪೀಕರ್ ಕಿವಿಯ ರಂಧ್ರಕ್ಕೆ ನೇರ ಎದುರಾಗಿ, ಅದನ್ನು ಮುಟ್ಟಿಯೂ ಮುಟ್ಟದಂತೆ ಇರಬೇಕು. ಬೆರಳಗಲ ಆಚೀಚೆಯಾದರೂ ಸದ್ದು ಬಹಳಷ್ಟು ಕುಗ್ಗುತ್ತದೆ. ಉತ್ತಮ ಹೆಲ್ಮೆಟ್‌ಗಳಲ್ಲಿ ಕಿವಿಯ ಬಳಿ ಇದಕ್ಕೆಂದೇ ಗುಳಿ ಇರುತ್ತದೆ. ಇಲ್ಲದಿದ್ದಲ್ಲಿ ಕೆಲವರು ಒಳಗಿನ ಥರ್ಮೋಕೋಲ್ ಪದರವನ್ನೇ ಚಾಕುವಿನಿಂದ ಕೆತ್ತಿ ಜಾಗ ಮಾಡುತ್ತಾರೆ. ಇದು ಅಪಾಯಕಾರಿ ಕೆಲಸ. ಅಪಘಾತದಲ್ಲಿ ಜಜ್ಜಿಹೋಗಿ ತಲೆಗೆ ಬೀಳುವ ಪೆಟ್ಟನ್ನು ತಾನು ಹೀರುವುದು ಆ ಪದರವೇ. ಬಟ್ಟೆಯ ಮೆತ್ತೆ ಹಿತಕ್ಕಾಗಿ ಇರುವಂಥದು. ದೇಶದಲ್ಲಿ 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಸವಾರರ ಹೆಲ್ಮೆಟ್ ಮಾರುವಂತಿಲ್ಲ. ಆ ಗುರುತು ಪಡೆದ ಹೆಲ್ಮೆಟ್ಟನ್ನು ಮನೆಯಲ್ಲಿ ಕೆತ್ತಿದರೆ ಗುರುತಿಗೆ ಅರ್ಥ ಉಳಿಯುವುದಿಲ್ಲ.

ಗಾಳಿಯ ಅಬ್ಬರ: ಹೆಲ್ಮೆಟ್ ತೊಟ್ಟವರ ಕಿವಿಗೆ ಎಂಜಿನ್ನಿಗಿಂತ ಗಾಳಿಯೇ ದೊಡ್ಡ ಶತ್ರು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಳಗಿನ ಸದ್ದು ಸುಮಾರು 90 ಡೆಸಿಬೆಲ್ ಮುಟ್ಟುತ್ತದೆ; 100 ಕಿ.ಮೀ. ದಾಟಿದಾಗ 100 ಡೆಸಿಬೆಲ್ ಆಸುಪಾಸಿಗೆ ಏರುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ 85 ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಾಳಬಹುದು. ಆಮೇಲೆ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧಕ್ಕಿಳಿಯುತ್ತದೆ. ಅಂದರೆ 100 ಡೆಸಿಬೆಲ್‌ಗೆ ಕೇವಲ 15 ನಿಮಿಷ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ಸಾಗುವವರು ಈ ಅಬ್ಬರವನ್ನು ಮೀರಿಸಲು ಇಂಟರ್‌ಕಾಮ್‌ನ ಧ್ವನಿಯನ್ನು ಏರಿಸುತ್ತಾ ಹೋದರೆ ಕಿವಿಗೆ ಎರಡು ಪಟ್ಟು ಹೊರೆ. ವಿಚಿತ್ರವೆನಿಸಿದರೂ ಇದಕ್ಕೆ ಸರಿಯಾದ ಮದ್ದು ಕಿವಿಗೆ ಸ್ಪಂಜಿನ ಬಿರಡೆ ಇಟ್ಟುಕೊಳ್ಳುವುದು. ಗಾಳಿಯ ಸದ್ದೂ ಸ್ಪೀಕರಿನ ಸದ್ದೂ ಒಟ್ಟಿಗೇ ತಗ್ಗುತ್ತವೆ. ಅಬ್ಬರಕ್ಕೆ ಬಳಲದ ಕಿವಿ ಮಾತನ್ನು ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಇದು ಹೆದ್ದಾರಿಗೆ ಹೇಳಿದ ಮಾತು. ಪೇಟೆಯ ನಿಧಾನಗತಿಯಲ್ಲಿ ಬಿರಡೆಯೂ ಬೇಡ, ಸಂಗೀತವೂ ಬೇಡ.

ಇನ್ನು ಮುಖ್ಯ ಪ್ರಶ್ನೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಸ್ಟ್ರೇಯರ್ ಮತ್ತು ವಿಲಿಯಂ ಜಾನ್‌ಸ್ಟನ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫೋನಿನಲ್ಲಿ ಮಾತನಾಡುತ್ತಿದ್ದವರು ಸಂಚಾರ ಸಂಕೇತಗಳನ್ನು ತಪ್ಪಿಸಿಕೊಳ್ಳುವ ಸಾಧ್ಯತೆ ಎರಡು ಪಟ್ಟು ಹೆಚ್ಚಿತು. ಫೋನ್ ಕೈಯಲ್ಲಿದ್ದರೂ ಇಲ್ಲದಿದ್ದರೂ ಫಲಿತಾಂಶ ಒಂದೇ. ಅದೇ ವಿಶ್ವವಿದ್ಯಾಲಯದ 2008ರ ಇನ್ನೊಂದು ಅಧ್ಯಯನದಲ್ಲಿ ಕೃತಕ ಹೆದ್ದಾರಿಯಲ್ಲಿ ಕಾರು ಓಡಿಸಿ, ಗೊತ್ತುಪಡಿಸಿದ ಒಂದು ತಂಗುದಾಣಕ್ಕೆ ಹೊರಳಬೇಕಿತ್ತು. ಫೋನಿನಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆ ತಿರುವನ್ನು ತಪ್ಪಿಸಿಕೊಂಡರು. ಪಕ್ಕದಲ್ಲೇ ಕುಳಿತವರೊಡನೆ ಮಾತನಾಡುತ್ತಿದ್ದವರಲ್ಲಿ ಹೆಚ್ಚಿನವರು ತಪ್ಪಲಿಲ್ಲ. ಜೊತೆಗಿದ್ದವರು ರಸ್ತೆಯನ್ನು ತಾವೂ ನೋಡುತ್ತಾ, ಕಠಿಣ ಸಂದರ್ಭದಲ್ಲಿ ಮಾತು ತಗ್ಗಿಸಿ, ದಾರಿಯನ್ನು ನೆನಪಿಸುತ್ತಿದ್ದರು.

ಈ ಪ್ರಯೋಗಗಳು ಕಾರಿನ ಚಾಲಕರ ಮೇಲೆ ನಡೆದವು. ಆದರೂ ಹೆಲ್ಮೆಟ್ ಇಂಟರ್‌ಕಾಮ್‌ಗೆ ಅವುಗಳ ಪಾಠ ಸ್ಪಷ್ಟ. ಹಿಂಬದಿ ಸವಾರರಾಗಲಿ, ಮುಂದಿನ ಬೈಕಿನವರಾಗಲಿ ‘ಎಡಗಡೆ ಜಲ್ಲಿ ಇದೆ’, ‘ಬಣ್ಣ ಬಳಿಯದ ಹಂಪ್ ಬಂತು’ ಎಂದರೆ ಅದು ಸವಾರಿಗೆ ನೆರವಾಗುವ ಮಾತು. ಮನೆಯ ಬಾಡಿಗೆ, ಕಚೇರಿಯ ಜಗಳ ಕುರಿತ ಫೋನ್ ಕರೆ ಅಂಥದಲ್ಲ. ಇಲ್ಲಿ ತಂತ್ರಜ್ಞಾನವೂ ಸವಾರರ ಪರ ನಿಲ್ಲುವುದಿಲ್ಲ: ಅನೇಕ ಸಾಧನಗಳಲ್ಲಿ ಫೋನ್ ಕರೆಗೇ ಮೊದಲ ಆದ್ಯತೆ. ಕರೆ ಬಂದೊಡನೆ ಇಂಟರ್‌ಕಾಮ್ ಸಂಪರ್ಕ ತುಂಡಾಗಿ, ಜಲ್ಲಿಯ ಎಚ್ಚರಿಕೆ ಕೇಳಬೇಕಾದ ಕಿವಿಗೆ ಬಾಡಿಗೆಯ ಮಾತು ಕೇಳುತ್ತದೆ. ಫೋನನ್ನು ಸಾಧನಕ್ಕೆ ಜೋಡಿಸದೆಯೇ ಇಂಟರ್‌ಕಾಮ್ ಬಳಸಬಹುದು ಎಂಬುದು ಹಲವರಿಗೆ ಹೊಳೆಯುವುದಿಲ್ಲ.

ಗೆಳೆಯರ ಮಾತಿನಲ್ಲೂ ಒಂದು ಅಪಾಯ ಅಡಗಿದೆ. ಲಾರಿಯನ್ನು ಹಿಂದಿಕ್ಕಿದ ಮುಂದಾಳು ‘ರಸ್ತೆ ಖಾಲಿ, ಬಾ’ ಎನ್ನುತ್ತಾನೆ. ಅವನು 200 ಮೀಟರ್ ಮುಂದಿದ್ದರೆ, 60 ಕಿ.ಮೀ. ವೇಗದಲ್ಲಿ ಹಿಂದಿನವನು ಆ ಜಾಗ ತಲುಪಲು 12 ಸೆಕೆಂಡ್ ಬೇಕು. ಅಷ್ಟರಲ್ಲಿ ಅದೇ ವೇಗದ ಎದುರು ವಾಹನವೂ 200 ಮೀಟರ್ ಬಂದಿರುತ್ತದೆ. ಅಪಾಯವಿದೆ ಎಂಬ ಸೂಚನೆಯನ್ನು ಕೇಳಿ ನಂಬಬಹುದು. ಅಪಾಯವಿಲ್ಲ ಎಂಬುದನ್ನು ಸ್ವಂತ ಕಣ್ಣಿನಿಂದಲೇ ಖಚಿತಪಡಿಸಿಕೊಳ್ಳಬೇಕು.

ಕಾನೂನಿನ ವಿಚಾರದಲ್ಲಿ ಗೊಂದಲಗಳಿವೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್, ಕೈಯಲ್ಲಿ ಹಿಡಿದು ಬಳಸುವ ಸಂವಹನ ಸಾಧನವನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ; ಮೊದಲ ಬಾರಿಯ ದಂಡ 1,000ದಿಂದ 5,000 ರೂಪಾಯಿ, ಜೈಲುಶಿಕ್ಷೆಗೂ ಅವಕಾಶವಿದೆ. ಹೆಲ್ಮೆಟ್‌ಗೆ ಜೋಡಿಸಿದ ಇಂಟರ್‌ಕಾಮ್‌ನ ಹೆಸರು ಅಲ್ಲಿಲ್ಲ. ಹಾಗೆಂದು ಅದು ರಕ್ಷಾಕವಚವೂ ಅಲ್ಲ. ಮಾತಿನಲ್ಲಿ ಮುಳುಗಿ ಇತರರಿಗೆ ಅಪಾಯ ತಂದರೆ ಅದೇ ಸೆಕ್ಷನ್ ಅನ್ವಯಿಸೀತು. ಕೆನ್ನೆ ಮತ್ತು ಹೆಲ್ಮೆಟ್ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಹೋಗುವ ಪರಿಪಾಠವನ್ನಂತೂ ಯಾವ ಲೆಕ್ಕದಲ್ಲೂ ಸಮರ್ಥಿಸಲಾಗದು.

ಉಳಿದವು ಸಣ್ಣ ಸಂಗತಿಗಳು. ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ ಬಿಸಿಲಿನಲ್ಲಿ ಬಿಟ್ಟರೆ ಲಿಥಿಯಂ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ಮಳೆಗಾಲದಲ್ಲಿ ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಬಿಗಿಯಾಗಿರಬೇಕು. ಸಾಧನಗಳನ್ನು ಜೋಡಿ ಮಾಡುವ ಕೆಲಸ ಮನೆಯಂಗಳದಲ್ಲೇ ಮುಗಿಯಬೇಕು. ಚಾರ್ಮಾಡಿ ಇಳಿಯುವವರು ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತಾಗಲೇ ಮುಂದಿನ ತಂಗುವ ಜಾಗವನ್ನು ಗೊತ್ತುಮಾಡಿಕೊಂಡರೆ, ಮಂಜಿನ ನಡುವೆ ಸಂಪರ್ಕ ಕಡಿದರೂ ಒಂದು ಕೈಯಲ್ಲಿ ಗುಂಡಿ ತಡಕಾಡುತ್ತಾ ತಿರುವು ಹಾಯುವ ಪ್ರಮೇಯ ಬಾರದು.