ಮನೆಯ ಫೈಲುಗಳಿಗೂ ಒಂದು ಉಗ್ರಾಣ ಬೇಡವೇ?

ಸಾಸಿವೆ ಡಬ್ಬಿ ಯಾವ ಗೂಡಿನಲ್ಲಿದೆ, ಮಗಳ ಜಾತಕ ಯಾವ ಟ್ರಂಕಿನಲ್ಲಿದೆ ಎಂದು ಯಾರಾದರೂ ಕೇಳಿದರೆ ನೀವು ನಿದ್ದೆಗಣ್ಣಿನಲ್ಲೂ ಹೇಳುತ್ತೀರಿ. ಆದರೆ ಮಗನ ಉಪನಯನದ ಫೋಟೋಗಳು ಎಲ್ಲಿವೆ? ತೋಟದ ಪಹಣಿಯನ್ನು ಸ್ಕ್ಯಾನ್ ಮಾಡಿಸಿದ್ದು ಯಾವುದರಲ್ಲಿದೆ? ಆಗ ಮಾತ್ರ "ತಡೀರಿ, ಅವರನ್ನ ಕೇಳಿ ಹೇಳ್ತೀನಿ" ಅನ್ನುತ್ತೀರಿ. ಹೌದು ತಾನೇ?

ಈಗಿನ ಮನೆಗಳಲ್ಲಿ ಯಂತ್ರಗಳು ಒಂದೊಂದು ಬಗೆಯವು. ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಯಜಮಾನರ ಅಡಿಕೆ ಲೆಕ್ಕವೆಲ್ಲ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ. ನಡುಮನೆಯ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇತ್ತು; ಅದಕ್ಕೆ ಕಂಪನಿಯವರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ 11 ಆ ಹಳೇ ಪೆಟ್ಟಿಗೆಗೆ ಹತ್ತಲಿಲ್ಲ. ಗುಜರಿಗೆ ಹಾಕುವುದು ಬೇಡವೆಂದು ಮಗಳು ಅದಕ್ಕೆ ಲಿನಕ್ಸ್ ಮಿಂಟ್ ಹಾಕಿದಳು, ಈಗ ಲಕ್ಷಣವಾಗಿ ಓಡುತ್ತಿದೆ. ಬೆಂಗಳೂರಿನಿಂದ ರಜೆಗೆ ಬರುವ ಮಗನ ಹೆಗಲಲ್ಲಿ ಮ್ಯಾಕ್. ಇನ್ನು ಎಲ್ಲರ ಕೈಯಲ್ಲೂ ಫೋನುಗಳು. ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರಿಗೆ ಆಪರೇಟಿಂಗ್ ಸಿಸ್ಟಂ ಅಂತ ಹೆಸರು. ಲೆಕ್ಕ ಹಾಕಿದರೆ ಒಂದೇ ಸೂರಿನಡಿ ಅಂಥವು ನಾಲ್ಕು!

ಒಂದರಿಂದ ಇನ್ನೊಂದಕ್ಕೆ ಫೈಲು ಸಾಗಿಸಲು ನಾವೆಲ್ಲ ಮಾಡುವುದೇನು? ವಾಟ್ಸಾಪು, ಇಲ್ಲವೇ ಪೆನ್‌ಡ್ರೈವು. ವಾಟ್ಸಾಪಿನಲ್ಲಿ ಮಾಮೂಲಿನಂತೆ ಫೋಟೋ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡಿಬಿಡುತ್ತದೆ. ಆಮೇಲೆ ದೊಡ್ಡದು ಮಾಡಿಸಿ ಕಟ್ಟು ಹಾಕಿಸೋಣವೆಂದರೆ ಅಜ್ಜಿಯ ಮುಖ ಮಸಕು ಮಸಕು. ಪೆನ್‌ಡ್ರೈವಿನ ಕಥೆ ಬೇರೆ. ಎಷ್ಟೋ ಪೆನ್‌ಡ್ರೈವುಗಳು ಫ್ಯಾಟ್-32 ಎಂಬ ಹಳೆಯ ಪದ್ಧತಿಯಲ್ಲಿರುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಫೈಲು ಹಿಡಿಸುವುದಿಲ್ಲ. 32 ಜಿಬಿಯೂ ಖಾಲಿ ಇದ್ದರೂ ಮದುವೆಯ ವಿಡಿಯೋ ಒಳಗೆ ಹೋಗುವುದಿಲ್ಲ ಅಂತ ಹಟ ಹಿಡಿಯುತ್ತದೆ. (ಎಕ್ಸ್‌ಫ್ಯಾಟ್ ಪದ್ಧತಿಗೆ ಫಾರ್ಮ್ಯಾಟ್ ಮಾಡಿಕೊಂಡರೆ ಈ ಕಾಟ ತಪ್ಪುತ್ತದೆ. ಮಾಡುವ ಮೊದಲು ಒಳಗಿರುವುದನ್ನೆಲ್ಲ ತೆಗೆದಿಟ್ಟುಕೊಳ್ಳಿ, ಫಾರ್ಮ್ಯಾಟ್ ಎಂದರೆ ಪೂರ್ತಿ ಅಳಿಸಿದಂತೆ.)

ಇದಕ್ಕಿಂತ ಸುಲಭದ ದಾರಿ ನಿಮ್ಮ ಮನೆಯ ಗೋಡೆಯ ಮೇಲೇ ಮಿಣುಕುತ್ತಾ ಕೂತಿದೆ. ಅದೇ ವೈಫೈ ರೂಟರು. ಅದು ಹೊರಗಿನ ಇಂಟರ್‌ನೆಟ್ಟನ್ನು ಮನೆಗೆ ತರುವುದಷ್ಟೇ ಅಲ್ಲ, ಮನೆಯೊಳಗಿನ ಯಂತ್ರಗಳನ್ನು ಒಂದಕ್ಕೊಂದು ಸೇರಿಸಿಯೂ ಇರುತ್ತದೆ. ಈ ಒಳದಾರಿಯಲ್ಲಿ ಫೈಲು ಓಡಾಡಿದರೆ ನಿಮ್ಮ ಡೇಟಾ ಒಂದಿಷ್ಟೂ ಖರ್ಚಾಗುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ಲು ಕಡಿದು ನಾಲ್ಕು ದಿನ ನೆಟ್ ಇಲ್ಲದಿದ್ದರೂ, ರೂಟರಿಗೆ ಕರೆಂಟಿದ್ದರೆ ಸಾಕು, ಮನೆಯೊಳಗಿನ ಓಡಾಟ ನಿಲ್ಲುವುದಿಲ್ಲ.

ಹಾಗಾದರೆ ಬೇರೆ ಬೇರೆ ಭಾಷೆಯ ಈ ಯಂತ್ರಗಳು ಮಾತಾಡಿಕೊಳ್ಳುವುದು ಹೇಗೆ? ಇದರ ಹಿಂದೆ ಒಂದು ಸ್ವಾರಸ್ಯದ ಸಂಗತಿಯಿದೆ. ಫೈಲು ಹಂಚಿಕೊಳ್ಳುವ ಎಸ್‌ಎಂಬಿ ಎಂಬ ಮಾತಿನ ರೀತಿ 1980ರ ದಶಕದಲ್ಲಿ ಐಬಿಎಂ ಕಂಪನಿಯಲ್ಲಿ ಹುಟ್ಟಿತು. ಮುಂದೆ ಮೈಕ್ರೋಸಾಫ್ಟಿನವರು ಅದನ್ನು ಬೆಳೆಸಿದರು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್ ಎಂಬ ವಿದ್ಯಾರ್ಥಿಗೆ ತನ್ನ ಸಣ್ಣ ಕಂಪ್ಯೂಟರಿನಿಂದ ಯುನಿಕ್ಸ್ ಯಂತ್ರದ ಫೈಲು ನೋಡಬೇಕಿತ್ತು. ಆತ ಎರಡು ಯಂತ್ರಗಳ ನಡುವೆ ತಂತಿಯಲ್ಲಿ ಓಡಾಡುವ ಮಾತುಗಳನ್ನೇ ಕದ್ದು ಕೇಳುತ್ತಾ ಕೂತು, ಯಾವ ಪ್ರಶ್ನೆಗೆ ಯಾವ ಉತ್ತರ ಬರುತ್ತದೆ ಎಂದು ಗುರುತು ಮಾಡಿಕೊಂಡು, 1992ರ ಹೊತ್ತಿಗೆ ತನ್ನದೇ ಸಾಫ್ಟ್‌ವೇರು ಬರೆದ. ಹೋಟೆಲಿನಲ್ಲಿ ಕೂತು, ಗಿರಾಕಿ ಏನಂದರೆ ಮಾಣಿ ಏನು ತಂದಿಡುತ್ತಾನೆ ಅಂತ ನೋಡಿ ನೋಡಿ ಭಾಷೆ ಕಲಿತ ಹಾಗೆ! ಮೊದಲಿಟ್ಟ ಹೆಸರಿನ ಮೇಲೆ ಇನ್ನೊಂದು ಕಂಪನಿಯ ಹಕ್ಕಿತ್ತು. ಹಾಗಾಗಿ ಎಸ್, ಎಂ, ಬಿ ಮೂರೂ ಅಕ್ಷರ ಬರುವ ಪದವನ್ನು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿ "ಸಾಂಬಾ" ಎಂದು ಇಟ್ಟ. ನಮ್ಮ ಕಿವಿಗೆ ಸಾಂಬಾರಿನಂತೆ ಕೇಳಿದರೆ ಅದು ಆತನ ತಪ್ಪಲ್ಲ. ಇವತ್ತು ಲಿನಕ್ಸಿನಲ್ಲಿ ಈ ಕೆಲಸ ಮಾಡುವುದು ಅದೇ ಸಾಂಬಾ, ಪುಕ್ಕಟೆಯಾಗಿ. ಆಪಲ್ ಕಂಪನಿ ಕೂಡ 2013ರಿಂದ ಮ್ಯಾಕುಗಳಲ್ಲಿ ತನ್ನ ಹಳೆಯ ರೀತಿ ಬಿಟ್ಟು ಎಸ್‌ಎಂಬಿಯನ್ನೇ ಮುಂದೆ ಮಾಡಿತು.

ಇನ್ನು ಮಾಡುವ ವಿಧಾನ. ಉಗ್ರಾಣವಾಗಿ ಯಾವುದಾದರೂ ಒಂದೇ ಯಂತ್ರವನ್ನು ಆರಿಸಿ. ಹೆಚ್ಚಿನ ಮನೆಗಳಲ್ಲಿ ಇರುವುದು ವಿಂಡೋಸ್ ಆದ್ದರಿಂದ ಅದನ್ನೇ ಹೇಳುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ವೈಫೈಯ ಪ್ರಾಪರ್ಟೀಸ್ ತೆರೆದು "ಪಬ್ಲಿಕ್" ಎಂದಿರುವುದನ್ನು "ಪ್ರೈವೇಟ್" ಮಾಡಿ. ಪಬ್ಲಿಕ್ ಎಂದರೆ ಬಸ್ ನಿಲ್ದಾಣದ ವೈಫೈ ಎಂದು ತಿಳಿದು ಯಂತ್ರ ಬಾಗಿಲು ಹಾಕಿಕೊಂಡಿರುತ್ತದೆ. ಅಲ್ಲೇ ಐಪಿವಿ4 ವಿಳಾಸ ಎಂದು 192.168.1.5ರಂಥ ಒಂದು ಸಂಖ್ಯೆ ಕಾಣುತ್ತದೆ, ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ. ಆಮೇಲೆ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ನೆಟ್‌ವರ್ಕಿನ ಕೆಳಗೆ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಆನ್ ಮಾಡಿ.

ಮುಂದಿನದು ಮುಖ್ಯ, ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಲ್ಯಾಪ್‌ಟಾಪ್ ತೆರೆಯಲು ನಾವು ನಾಲ್ಕಂಕಿಯ ಪಿನ್ ಒತ್ತುತ್ತೇವಲ್ಲ, ಆ ಪಿನ್ ಇನ್ನೊಂದು ಯಂತ್ರದಿಂದ ನಡೆಯುವುದಿಲ್ಲ. ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಅದು ಯಾರಿಗೆ ನೆನಪಿರುತ್ತದೆ ಹೇಳಿ? ಆದ್ದರಿಂದ ಈ ಕೆಲಸಕ್ಕೆಂದೇ ವಿಂಡೋಸಿನಲ್ಲಿ ಇನ್ನೊಬ್ಬ ಲೋಕಲ್ ಬಳಕೆದಾರನನ್ನು ಸೇರಿಸಿ, "ಮನೆ" ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟು, ಒಂದು ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡೇ ಇಲ್ಲದ ಹಂಚಿಕೆಗೆ ಇತ್ತೀಚಿನ ವಿಂಡೋಸ್ ಸುಲಭಕ್ಕೆ ಒಪ್ಪುವುದಿಲ್ಲ, ಒಪ್ಪದಿರುವುದೇ ಒಳ್ಳೆಯದು. ಕೊನೆಗೆ ಒಂದು ಫೋಲ್ಡರ್ ಮಾಡಿ, ಅದರ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಶೇರಿಂಗ್, ಶೇರ್ ಎಂದು ಹೋಗಿ "ಮನೆ"ಯನ್ನು ಸೇರಿಸಿ. ಲ್ಯಾಪ್‌ಟಾಪ್ ನಿದ್ದೆ ಹೋದರೆ ಉಗ್ರಾಣಕ್ಕೂ ಬೀಗ ಬಿದ್ದಂತೆ. ಚಾರ್ಜಿಗೆ ಹಾಕಿದಾಗ ನಿದ್ದೆ ಹೋಗದಂತೆ ಸೆಟ್ಟಿಂಗ್ ಮಾಡಿಕೊಳ್ಳಿ.

ಉಗ್ರಾಣ ಲಿನಕ್ಸ್ ಮಿಂಟಿನಲ್ಲಿದ್ದರೆ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿದರೇ ಶೇರಿಂಗ್ ಎಂಬುದು ಸಿಗುತ್ತದೆ. ಆದರೆ ಸಾಂಬಾದ ಪಾಸ್‌ವರ್ಡ್ ಬೇರೆ, ಕಂಪ್ಯೂಟರಿನ ಪಾಸ್‌ವರ್ಡ್ ಬೇರೆ. ಎರಡನ್ನೂ ಇಡಬೇಕು.

ಉಳಿದ ಯಂತ್ರಗಳಿಂದ ಹೋಗುವುದು ಸುಲಭ. ಮ್ಯಾಕಿನ ಫೈಂಡರಿನಲ್ಲಿ ಗೋ ಪಟ್ಟಿಯ ಕೆಳಗೆ "ಕನೆಕ್ಟ್ ಟು ಸರ್ವರ್" ಇದೆ. ಲಿನಕ್ಸಿನಲ್ಲಿ ಫೈಲು ನೋಡುವ ಕಿಟಕಿಯ ವಿಳಾಸಪಟ್ಟಿ ಸಾಕು. ಎರಡರಲ್ಲೂ ಎಸ್‌ಎಂಬಿ ಎಂದು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಬರೆದು, ಕೋಲನ್, ಎರಡು ಓರೆಗೆರೆ ಹಾಕಿ, ಆಮೇಲೆ ಆ ಸಂಖ್ಯೆ. ಐಫೋನಿನ ಫೈಲ್ಸ್ ಆ್ಯಪಿನಲ್ಲಿ 2019ರಿಂದ ಈ ಸೌಕರ್ಯ ಇದೆ. ಆಂಡ್ರಾಯ್ಡ್ ಫೋನಿನಲ್ಲಿ, ಆಂಡ್ರಾಯ್ಡ್ ಟೀವಿಯಲ್ಲಿ ವಿಎಲ್‌ಸಿ ಹಾಕಿಕೊಂಡರೆ ಉಗ್ರಾಣದ ವಿಡಿಯೋಗಳನ್ನು ಅಲ್ಲಿಂದಲೇ ನೋಡಬಹುದು. ಸಂಖ್ಯೆ ಆಗಾಗ ಬದಲಾಗಿ ಕಾಡಿದರೆ, ಆ ಯಂತ್ರಕ್ಕೆ ಒಂದೇ ಸಂಖ್ಯೆ ಕಾದಿರಿಸಲು ರೂಟರಿನಲ್ಲಿ ಅವಕಾಶವಿದೆ; ಕೇಬಲ್ ಹುಡುಗ ಬಂದಾಗ ಮಾಡಿಸಿಕೊಳ್ಳಿ. ನಾಲ್ಕು ಫೋಟೋ ದಾಟಿಸಿದರೆ ಸಾಕು ಎನ್ನುವವರಿಗೆ ಇಷ್ಟೆಲ್ಲ ಬೇಡ, ಎರಡೂ ಕಡೆ ಲೋಕಲ್‌ಸೆಂಡ್ ಎಂಬ ಉಚಿತ ಆ್ಯಪ್ ಹಾಕಿಕೊಂಡರೆ ಮುಗಿಯಿತು.

ಇನ್ನು ಯಾರಿಗೆ ಎಷ್ಟು ಅಧಿಕಾರ? ಹಂಚುವಾಗ ಯಂತ್ರವೇ ಕೇಳುತ್ತದೆ, ಬರೀ ಓದುವುದೋ, ತಿದ್ದುವುದೂ ಸೇರಿಯೋ ಅಂತ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ ಅಳಿಸಿದ ಫೈಲು ರಿಸೈಕಲ್ ಬಿನ್ನಿನಲ್ಲಿ ಬಿದ್ದಿರುತ್ತದೆ, ಎತ್ತಿಕೊಳ್ಳಬಹುದು. ನೆಟ್‌ವರ್ಕಿನ ಮೂಲಕ ಇನ್ನೊಂದು ಯಂತ್ರದ ಫೈಲನ್ನು ಅಳಿಸಿದರೆ ಸಾಮಾನ್ಯವಾಗಿ ಅದು ಬುಟ್ಟಿಗೂ ಬೀಳುವುದಿಲ್ಲ, ಹೋದದ್ದು ಹೋದಂತೆಯೇ. ನನ್ನ ಅಭಿಪ್ರಾಯ ಕೇಳಿದರೆ ಎರಡು ಫೋಲ್ಡರು ಮಾಡಿ. ಫೋಟೋ, ಪಹಣಿ, ವಿಮೆ, ಅಂಕಪಟ್ಟಿ ಇರುವುದು ಎಲ್ಲರಿಗೂ ಓದಲಿಕ್ಕೆ ಮಾತ್ರ. ಅದರೊಳಗೆ ಹಾಕುವ, ತೆಗೆಯುವ ಕೆಲಸ ಉಗ್ರಾಣದ ಯಂತ್ರದ ಮುಂದೆಯೇ ಕೂತು ನೀವು ಮಾಡಿ. ಇನ್ನೊಂದು, ಯಾರು ಬೇಕಾದರೂ ತಂದು ಸುರಿಯಬಹುದಾದ ಜಗಲಿ. ವಾರಕ್ಕೊಮ್ಮೆ ಜಗಲಿ ಗುಡಿಸಿ, ಬೇಕಾದದ್ದನ್ನು ಒಳಗೆ ತೆಗೆದಿಡಿ. ಬ್ಯಾಂಕಿನ ಪಾಸ್‌ವರ್ಡುಗಳನ್ನು ಎರಡರಲ್ಲೂ ಇಡಬೇಡಿ. ಮತ್ತೆ, ಹಂಚಿಕೊಳ್ಳುವುದು ಅಂದರೆ ಬೆಳೆದ ಮಗಳ ಲ್ಯಾಪ್‌ಟಾಪಿನಲ್ಲಿ ಏನಿದೆ ಅಂತ ಇಣುಕುವುದಲ್ಲ. ಅವಳದ್ದು ಅವಳಿಗಿರಲಿ.

"ಇದೆಲ್ಲ ಗಂಡಸರ ಕೆಲಸ, ನಮಗ್ಯಾಕೆ" ಅನ್ನುವ ಗೆಳತಿಯರಿಗೆ ಒಂದು ಮಾತು. ನಮ್ಮ ಬೀದಿಯಲ್ಲೇ ಒಂದು ಮನೆಯಲ್ಲಿ ಯಜಮಾನರು ಐವತ್ತೆರಡಕ್ಕೇ ಹೃದಯಾಘಾತವಾಗಿ ಹೋಗಿಬಿಟ್ಟರು. ವಿಮೆಯ ಕಾಗದ, ಸಾಲದ ಲೆಕ್ಕ, ಮಕ್ಕಳ ಅಂಕಪಟ್ಟಿಯ ನಕಲು, ಹದಿನೈದು ವರ್ಷದ ಫೋಟೋಗಳು, ಎಲ್ಲವೂ ಅವರ ಲ್ಯಾಪ್‌ಟಾಪಿನಲ್ಲಿ. ಅದರ ಪಾಸ್‌ವರ್ಡು ಅವರೊಬ್ಬರಿಗೇ ಗೊತ್ತಿತ್ತು. ಹದಿಮೂರನೇ ದಿನ ಕಳೆಯುವ ಮೊದಲೇ ಆಕೆ ಅದನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆದರು. ಕಾಗದಪತ್ರಗಳು ಓಡಾಡಿ, ಅರ್ಜಿ ಕೊಟ್ಟು ಮತ್ತೆ ಸಿಕ್ಕವು. ಫೋಟೋಗಳು ಇವತ್ತಿಗೂ ಸಿಕ್ಕಿಲ್ಲ. ಮನೆಯ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡ ನಾವು ಈ ಬೀಗದ ಕೈಯನ್ನೂ ಕೇಳಿ ಪಡೆಯಬೇಕು. ಯಜಮಾನರು ಬೇಜಾರು ಮಾಡಿಕೊಂಡರೂ ಸರಿಯೇ.

ಈಗ ನಮ್ಮ ಕನ್ನಡದ ತಾಪತ್ರಯ. ನಮ್ಮ ಅತ್ತೆಯವರು ಹೇಳಿ ಬರೆಸಿದ ಅಡುಗೆಗಳೆಲ್ಲ, ಅಪ್ಪೆಹುಳಿಯಿಂದ ಹಿಡಿದು ಬಾಣಂತಿ ಲೇಹದವರೆಗೆ, ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪಾಗಿದ್ದವು. ಯಜಮಾನರ ಲ್ಯಾಪ್‌ಟಾಪಿನಲ್ಲಿ ಮುತ್ತಿನಂಥ ಕನ್ನಡ. ಅದೇ ಫೈಲನ್ನು ಮ್ಯಾಕಿನಲ್ಲಿ ತೆರೆದರೆ ತಲೆ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ! ಫೈಲು ಹಾಳಾಗಿಲ್ಲ, ಗಾಬರಿ ಬೇಡ. ಆ ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಆ ಫಾಂಟು ಇಲ್ಲದ ಕಡೆ ವೇಷ ಕಳಚಿಬೀಳುತ್ತದೆ. ಯುನಿಕೋಡಿನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, ಎಲ್ಲ ಯಂತ್ರಕ್ಕೂ ಅರ್ಥವಾಗುತ್ತದೆ. ನುಡಿಯಿಂದ ಯುನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿಯಾಗಿವೆಯೇ ಎಂದು ಒಮ್ಮೆ ಓದಿ ನೋಡಿ, ಮೂಲ ಫೈಲನ್ನೂ ಇಟ್ಟುಕೊಳ್ಳಿ. ಅಷ್ಟು ಪುರುಸೊತ್ತಿಲ್ಲವೇ? ಫಾಂಟು ಇರುವ ಯಂತ್ರದಲ್ಲೇ ಪಿಡಿಎಫ್ ಮಾಡಿ ಉಗ್ರಾಣಕ್ಕೆ ಹಾಕಿ, ಓದಲಿಕ್ಕಂತೂ ತೊಂದರೆಯಿಲ್ಲ.

ಫೈಲಿನ ಹೆಸರಿನಲ್ಲಿ ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಓರೆಗೆರೆ ಬೇಡ. ವಿಂಡೋಸಿಗೆ ಅವು ಆಗಿಬರುವುದಿಲ್ಲ. ದಿನಾಂಕವನ್ನು 07/09/2024 ಎಂದು ಬರೆಯುವ ಬದಲು 2024-09-07 ಗಣಪತಿ ಹಬ್ಬ ಎಂದು ಬರೆಯಿರಿ. ವರ್ಷದ ಪ್ರಕಾರ ತಾವೇ ಸಾಲಾಗಿ ನಿಲ್ಲುತ್ತವೆ.

ಹಂಚಿಟ್ಟ ಮಾತ್ರಕ್ಕೆ ಭದ್ರವಾಯಿತು ಎಂದುಕೊಳ್ಳಬೇಡಿ. ಉಗ್ರಾಣದ ಡಿಸ್ಕು ಕೆಟ್ಟರೆ ಎಲ್ಲರದ್ದೂ ಹೋಯಿತು. ಹೊರಗಿನ ಹಾರ್ಡ್ ಡಿಸ್ಕೊಂದಕ್ಕೆ ತಿಂಗಳಿಗೊಮ್ಮೆ ನಕಲು ಮಾಡಿ, ಬಿಚ್ಚಿ ಬೀರುವಿನಲ್ಲಿಡಿ. ಬಿಚ್ಚಿಯೇ ಇಡಬೇಕು, ಯಾಕೆಂದರೆ ಕಂಪ್ಯೂಟರಿಗೆ ಬರುವ ಪೀಡೆ ಚುಚ್ಚಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. 2017ರ ಮೇ ತಿಂಗಳಲ್ಲಿ ಲೋಕವನ್ನೆಲ್ಲ ಕಾಡಿದ ವಾನಾಕ್ರೈ ಪಿಡುಗು ಹರಡಿದ್ದು ಎಸ್‌ಎಂಬಿಯ ಅತಿ ಹಳೆಯ ಮೊದಲನೆಯ ರೂಪದ ಮೂಲಕ. ಅದನ್ನು ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಈಗ ಯಾರಾದರೂ "ಹಳೇ ಟೀವಿಗೆ ಸಿಗ್ತಿಲ್ಲ, ಎಸ್‌ಎಂಬಿ ಒಂದನ್ನು ಆನ್ ಮಾಡಿಬಿಡಿ" ಎಂದರೆ ಬೇಡವೆನ್ನಿ. ಅಪ್‌ಡೇಟ್ ಎಂದು ಯಂತ್ರ ಕೇಳಿದಾಗ ನಾಳೆ ನಾಡಿದ್ದು ಎಂದು ಮುಂದೂಡಬೇಡಿ.

ಹಬ್ಬಕ್ಕೆ ಬಂದ ನೆಂಟರ ಮಕ್ಕಳು ಚಪ್ಪಲಿ ಬಿಡುವ ಮೊದಲೇ ವೈಫೈ ಪಾಸ್‌ವರ್ಡ್ ಕೇಳುತ್ತವಲ್ಲ, ಅವಕ್ಕೆ ಕೊಡಲು ಈಗಿನ ಹೆಚ್ಚಿನ ರೂಟರುಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂದು ಬೇರೆಯೇ ಮಾಡಿಕೊಳ್ಳಬಹುದು. ಅದರಲ್ಲಿ ಇಂಟರ್‌ನೆಟ್ ಸಿಗುತ್ತದೆ, ನಿಮ್ಮ ಉಗ್ರಾಣ ಕಾಣಿಸುವುದಿಲ್ಲ. ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಬಿಡಿ, ಪದೇ ಪದೇ ಅಡುಗೆಮನೆಯಿಂದ ಎದ್ದು ಬರುವುದು ತಪ್ಪುತ್ತದೆ.