ಮಾತ್ರೆಯ ಹೊತ್ತು, ಊಟದ ಹೊತ್ತು: ಪಾರ್ಕಿನ್ಸನ್ ಇರುವ ಹಿರಿಯರ ಆರೈಕೆ

ಹಳೇಬೀಡಿನ ಕಡೆಯ ಒಬ್ಬ ಹಿರಿಯರನ್ನು ಅವರ ಮಗ ನನ್ನ ಬಳಿ ಕರೆತಂದಿದ್ದರು. ಎರಡು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ಬಲಗೈ ನಡುಗುತ್ತಿತ್ತು, ಹೆಜ್ಜೆ ಚಿಕ್ಕದಾಗಿತ್ತು, ದನಿ ಕ್ಷೀಣಿಸಿತ್ತು. "ಹಕೀಂ ಸಾಹೇಬರೇ, ಇಂಗ್ಲಿಷ್ ಮಾತ್ರೆ ಕೆಲಸ ಮಾಡ್ತಾ ಇಲ್ಲ. ಅದನ್ನು ಬಿಡಿಸಿ ಯುನಾನಿ ಔಷಧಿ ಕೊಡಿ. ಅಬ್ಬಾಗೆ ರೋಗನಿರೋಧಕ ಶಕ್ತಿ ಬರೋ ಹಾಗೆ ಏನಾದರೂ ಬರೆದುಕೊಡಿ" ಎಂದರು ಮಗ.

ಮಾತ್ರೆಯನ್ನು ಹೇಗೆ ಕೊಡುತ್ತೀರಿ ಎಂದು ಕೇಳಿದೆ. ಬೆಳಗ್ಗೆ ಎರಡು ಮೊಟ್ಟೆ ತಿನ್ನಿಸಿ, ಒಂದು ಲೋಟ ಹಾಲಿನ ಜೊತೆ ಮಾತ್ರೆ. ಮಧ್ಯಾಹ್ನ ಊಟದ ನಡುವೆ ಇನ್ನೊಂದು. ಅಬ್ಬಾ ಸೊರಗಿದ್ದಾರೆಂದು ಪ್ರೀತಿಯಿಂದ ಮಾಡಿದ ಏರ್ಪಾಡು ಅದು. ನಾನು ಮಾತ್ರೆ ನಿಲ್ಲಿಸಲಿಲ್ಲ. ಹೊತ್ತು ಬದಲಿಸಲು ಮಾತ್ರ ಹೇಳಿದೆ. ಎರಡು ವಾರದ ನಂತರ ಬಂದಾಗ ನಡಿಗೆ ಸ್ವಲ್ಪ ಸರಾಗವಾಗಿತ್ತು, ಅಲ್ಹಮ್ದುಲಿಲ್ಲಾಹ್.

ಆದರೆ ಅಂದು ನಾನು ಒಂದು ಪ್ರಶ್ನೆ ಕೇಳಲು ಮರೆತಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ಇದು ಎಂಥ ಕಾಯಿಲೆ?

ನಮ್ಮ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳಿವೆ. ಕೈಕಾಲುಗಳ ಚಲನೆ ಸರಾಗವಾಗಿರಲು ಅದು ಬೇಕು. ಪಾರ್ಕಿನ್ಸನ್‌ನಲ್ಲಿ ಆ ಕೋಶಗಳು ನಿಧಾನವಾಗಿ ನಶಿಸುತ್ತವೆ. ಆಗ ನಡುಕ, ಬಿಗಿತ, ನಿಧಾನಗತಿ ಕಾಣಿಸಿಕೊಳ್ಳುತ್ತವೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರಿಸಿದ್ದರಿಂದ ಈ ಹೆಸರು ಬಂತು. ಅದಕ್ಕಿಂತ ಬಹಳ ಮೊದಲೇ ಯುನಾನಿ ಗ್ರಂಥಗಳಲ್ಲಿ ನಡುಕದ ಕಾಯಿಲೆಗಳನ್ನೆಲ್ಲ 'ರಅಶಾ' ಎಂಬ ಹೆಸರಿನಲ್ಲಿ ಚರ್ಚಿಸಲಾಗಿದೆ. ಎಲ್ಲ ರಅಶಾವೂ ಪಾರ್ಕಿನ್ಸನ್ ಅಲ್ಲ. ಯಾವುದೆಂದು ನಿರ್ಧರಿಸಬೇಕಾದವರು ನರರೋಗ ತಜ್ಞರು.

ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಯಾವ ಪದ್ಧತಿಯಲ್ಲೂ ಇಲ್ಲ. ಲೆವೊಡೋಪಾ ಎಂಬ ಮಾತ್ರೆ ಮೆದುಳನ್ನು ತಲುಪಿ ಡೋಪಮಿನ್ ಆಗಿ ಬದಲಾಗುತ್ತದೆ, ಲಕ್ಷಣಗಳನ್ನು ಹತೋಟಿಯಲ್ಲಿಡುತ್ತದೆ.

ಮಾಂಸ, ಮೊಟ್ಟೆ, ಹಾಲು ಯಾವಾಗ?

ಲೆವೊಡೋಪಾ ಸಣ್ಣ ಕರುಳಿನಿಂದ ರಕ್ತಕ್ಕೆ ಸೇರಬೇಕು, ಅಲ್ಲಿಂದ ಮೆದುಳಿಗೆ ಹೋಗಬೇಕು. ಮಾಂಸ, ಮೊಟ್ಟೆ, ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನ್ ಜೀರ್ಣವಾದಾಗ ಬರುವ ಅಂಶಗಳೂ ಅದೇ ಬಾಗಿಲುಗಳಿಂದ ಒಳಗೆ ಹೋಗುತ್ತವೆ. ಎರಡೂ ಒಟ್ಟಿಗೆ ಬಂದರೆ ನೂಕುನುಗ್ಗಲಾಗಿ ಮಾತ್ರೆ ಹಿಂದೆ ಉಳಿಯುತ್ತದೆ. ಆದ್ದರಿಂದ ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆಯ ನಂತರ ಈ ಮಾತ್ರೆಯನ್ನು ನೀರಿನೊಂದಿಗೆ ಕೊಡಬೇಕು, ಹಾಲಿನೊಂದಿಗೆ ಬೇಡ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬರುವವರು ಬಾಳೆಹಣ್ಣಿನ ಒಂದು ತುಂಡನ್ನೋ ಬಿಸ್ಕತ್ತನ್ನೋ ತಿನ್ನಬಹುದು.

ಹಾಗೆಂದು ಮಾಂಸ, ಮೊಟ್ಟೆಯನ್ನು ಪೂರ್ತಿ ಬಿಡಿಸಬೇಡಿ. ಈ ಕಾಯಿಲೆಯಲ್ಲಿ ತೂಕ ಇಳಿಯುವುದು ಸಾಮಾನ್ಯ. ಪ್ರೋಟೀನ್ ಕಡಿಮೆಯಾದರೆ ಸ್ನಾಯು ಕರಗುತ್ತದೆ, ಸೋಂಕಿನ ವಿರುದ್ಧ ಹೋರಾಡುವ ಶಕ್ತಿಯೂ ಕುಗ್ಗುತ್ತದೆ. ಹಿರಿಯರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1 ಗ್ರಾಂ ಪ್ರೋಟೀನ್ ಬೇಕು. ಹಗಲಿನಲ್ಲಿ ಊಟದ ನಂತರ ಮಾತ್ರೆಯ ಪ್ರಭಾವ ಇಳಿಯುತ್ತಿದೆ ಎನಿಸಿದರೆ, ವೈದ್ಯರನ್ನು ಕೇಳಿ ಪ್ರೋಟೀನಿನ ಹೆಚ್ಚಿನ ಪಾಲನ್ನು ರಾತ್ರಿಯ ಊಟಕ್ಕೆ ಸರಿಸಬಹುದು. ಪಾಯ ಸೂಪ್, ಖೀಮಾ, ಅವರೆಕಾಳಿನ ಸಾರು ರಾತ್ರಿಗೆ. ಹಗಲು ಅನ್ನ, ರಾಗಿ, ತರಕಾರಿ, ಹಣ್ಣು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಲೆವೊಡೋಪಾಗೂ ಅದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಇಡಬೇಕು.

ನಾನು ಕೇಳಲು ಮರೆತ ಪ್ರಶ್ನೆ

"ಊಟ ಮಾಡುವಾಗ, ನೀರು ಕುಡಿಯುವಾಗ ಕೆಮ್ಮು ಬರುತ್ತದೆಯೇ?" ಇದೇ ನಾನು ಕೇಳದೆ ಬಿಟ್ಟ ಪ್ರಶ್ನೆ. ಮೂರು ತಿಂಗಳ ನಂತರ ಆ ಹಿರಿಯರು ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದರು. ಅನ್ನನಾಳಕ್ಕೆ ಹೋಗಬೇಕಾದ ಆಹಾರ ಸ್ವಲ್ಪ ಸ್ವಲ್ಪವೇ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಅಲ್ಲಾಹನ ದಯೆಯಿಂದ ಉಳಿದುಕೊಂಡರು. ಪಾರ್ಕಿನ್ಸನ್ ಇರುವವರ ಸಾವಿಗೆ ಮುಖ್ಯ ಕಾರಣಗಳಲ್ಲಿ ಹೀಗೆ ಬರುವ ನ್ಯುಮೋನಿಯಾ ಒಂದು. ಕೈ ನಡುಗುವುದು ಎಲ್ಲರಿಗೂ ಕಾಣುತ್ತದೆ, ಗಂಟಲಿನ ಸ್ನಾಯು ನಿಧಾನವಾಗುವುದು ಯಾರಿಗೂ ಕಾಣುವುದಿಲ್ಲ.

ನಮ್ಮ ಅರಸೀಕೆರೆ, ಬೇಲೂರು ಸೀಮೆಯಲ್ಲಿ ಮುದ್ದೆಯನ್ನು ಅಗಿಯದೆ ನುಂಗುವುದು ರೂಢಿ. ನುಂಗಲು ಕಷ್ಟವಿರುವವರಿಗೆ ಇದು ಅಪಾಯ. ಅದೇ ರಾಗಿಯನ್ನು ಗಟ್ಟಿ ಗಂಜಿಯಾಗಿ ಮಾಡಿ ಚಮಚದಲ್ಲಿ ಕೊಡಿ. ಪುಡಿಪುಡಿಯಾಗುವ ಒಣ ರೊಟ್ಟಿ, ತೆಳು ಸಾರಿನಲ್ಲಿ ಬಿಡಿಬಿಡಿಯಾಗಿ ತೇಲುವ ಅನ್ನ ಕೂಡ ಕಷ್ಟ. ಅನ್ನವನ್ನು ಮೆತ್ತಗೆ ಬೇಯಿಸಿ, ದಪ್ಪ ಸಾರಿನಲ್ಲಿ ಕಿವುಚಿ ಕೊಡಿ. ಮಾಂಸವನ್ನು ಖೀಮಾ ಮಾಡಿಸಿ. ಎಲ್ಲಕ್ಕಿಂತ ಕಷ್ಟವಾದುದು ತೆಳುವಾದ ನೀರು. ಒಂದೊಂದೇ ಗುಟುಕು ಕುಡಿಸಿ.

ಊಟಕ್ಕೆ ನೆಟ್ಟಗೆ ಕೂರಿಸಿ. ನುಂಗುವಾಗ ಗದ್ದ ಸ್ವಲ್ಪ ಕೆಳಗಿರಲಿ. ತಲೆ ಹಿಂದಕ್ಕೆ ವಾಲಿಸಿ ಬಾಯಿಗೆ ನೀರು ಸುರಿಯುವುದನ್ನು ನಿಲ್ಲಿಸಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಊಟದ ಹೊತ್ತಿನಲ್ಲಿ ಟಿವಿ ಆಫ್ ಮಾಡಿ, ಮಾತಾಡಿಸಬೇಡಿ. ಕುಡಿದ ಮೇಲೆ ದನಿ ಗೊರಗೊರ ಎನ್ನುತ್ತಿದ್ದರೆ, ಪದೇ ಪದೇ ಕೆಮ್ಮು ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ನುಂಗುವ ಪರೀಕ್ಷೆ ಮಾಡಿ, ವ್ಯಾಯಾಮ ಹೇಳಿಕೊಡುವ ತಜ್ಞರಿದ್ದಾರೆ.

ಮಲಬದ್ಧತೆ

ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳನ್ನು ಯುನಾನಿ ಹೇಳುತ್ತದೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣ. ಪಾರ್ಕಿನ್ಸನ್‌ನಲ್ಲಿ ವಿಸರ್ಜನೆ ಬಹಳ ಮುಖ್ಯ. ಎಷ್ಟೋ ಜನರಿಗೆ ನಡುಕ ಬರುವ ವರ್ಷಗಳ ಮೊದಲೇ ಕಬ್ಝ್ ಶುರುವಾಗಿರುತ್ತದೆ. ಹೊಟ್ಟೆ ಕಟ್ಟಿದರೆ ಹಸಿವೂ ಇಲ್ಲ, ಮಾತ್ರೆಯೂ ಸರಿಯಾಗಿ ಹಿಡಿಯುವುದಿಲ್ಲ. ಸೊಪ್ಪು, ಪಪ್ಪಾಯಿ, ರಾತ್ರಿ ನೆನೆಸಿದ ಅಂಜೂರ ಮತ್ತು ಒಣದ್ರಾಕ್ಷಿ ಒಳ್ಳೆಯದು. ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದವರು ದಿನಕ್ಕೆ ಆರರಿಂದ ಎಂಟು ಲೋಟ ನೀರು ಕುಡಿಯಲಿ. ನೀರು ಸಾಕಷ್ಟು ಕುಡಿದರೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ಸುತ್ತುವುದೂ ಕಡಿಮೆಯಾಗುತ್ತದೆ. ಸಜ್ದಾದಿಂದ ಏಳುವಾಗ ಓಲಾಡುವವರು ಕುರ್ಚಿಯಲ್ಲಿ ಕೂತು ನಮಾಝ್ ಮಾಡಲಿ. ಇಸಬ್ಗೋಲ್ ಒಳ್ಳೆಯ ಔಷಧಿ, ಆದರೆ ಗಂಟಲಲ್ಲಿ ಉಬ್ಬಿ ಉಸಿರುಗಟ್ಟಿಸಬಹುದು. ನುಂಗಲು ಕಷ್ಟವಿರುವವರಿಗೆ ಅದು ಬೇಡ.

ರೋಗನಿರೋಧಕ ಶಕ್ತಿ ಡಬ್ಬಿಯಲ್ಲಿಲ್ಲ

ಶಕ್ತಿ ಹೆಚ್ಚಿಸುತ್ತೇವೆಂದು ಮಾರುವ ಪುಡಿ, ಸಿರಪ್‌ಗಳಿಗೆ ಹಣ ಸುರಿಯಬೇಡಿ. ಕೊಬ್ಬರಿ ಎಣ್ಣೆ ಕುಡಿದರೆ ಪಾರ್ಕಿನ್ಸನ್ ವಾಸಿಯಾಗುತ್ತದೆ ಎಂಬ ಮಾತು ನಮ್ಮ ತೆಂಗಿನ ಸೀಮೆಯಲ್ಲೂ ಓಡಾಡುತ್ತಿದೆ. ಅದಕ್ಕೆ ಆಧಾರವಿಲ್ಲ; ಅಡುಗೆಗೆ ಮಿತವಾಗಿ ಬಳಸಿ, ಸಾಕು. ಜೇನು, ಕಲೋಂಜಿಯನ್ನು ಆಹಾರವಾಗಿ ಸ್ವಲ್ಪ ತೆಗೆದುಕೊಳ್ಳಬಹುದು, ಮಾತ್ರೆಯ ಬದಲಿಗೆ ಅಲ್ಲ.

ನಿಜವಾಗಿ ಕಾಪಾಡುವುದು ಬೇರೆ. ಮೊದಲನೆಯದು ಬಾಯಿಯ ಶುಚಿತ್ವ. ಬಾಯಿಯಲ್ಲಿರುವ ರೋಗಾಣುಗಳು ಜೊಲ್ಲು, ಆಹಾರದೊಂದಿಗೆ ಶ್ವಾಸಕೋಶಕ್ಕೆ ಇಳಿದಾಗಲೇ ನ್ಯುಮೋನಿಯಾ ಆಗುವುದು. ಐದು ಹೊತ್ತಿನ ವುಝೂವಿನಲ್ಲಿ ಬಾಯಿ ಮುಕ್ಕಳಿಸುವ ನಮಗೆ ಇದು ಹೊಸದಲ್ಲ. ಹಿರಿಯರ ಕೈ ನಡುಗಿ ಮಿಸ್ವಾಕ್ ಹಿಡಿಯಲಾಗದಿದ್ದರೆ ಮಕ್ಕಳು ಮೃದು ಬ್ರಷ್‌ನಿಂದ ದಿನಕ್ಕೆ ಎರಡು ಬಾರಿ ಹಲ್ಲುಜ್ಜಿಸಲಿ. ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡಲಿ.

ಎರಡನೆಯದು ಲಸಿಕೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಮತ್ತು ನ್ಯುಮೋಕಾಕಲ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಹಜ್‌ಗೆ ಹೋಗುವಾಗ ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಳ್ಳುವ ನಾವು ಇದಕ್ಕೆ ಹಿಂಜರಿಯಬೇಕಿಲ್ಲ. ಮೂರನೆಯದು ಬಿಸಿಲು. ಮನೆಯೊಳಗೇ ಇರುವ ಹಿರಿಯರಿಗೆ, ಅದರಲ್ಲೂ ಹೆಂಗಸರಿಗೆ, ವಿಟಮಿನ್ ಡಿ ಕೊರತೆ ಹೆಚ್ಚು. ಬಿದ್ದರೆ ಮೂಳೆ ಮುರಿಯುತ್ತದೆ. ಹಿತ್ತಿಲಲ್ಲೋ ತಾರಸಿಯಲ್ಲೋ ದಿನವೂ ಸ್ವಲ್ಪ ಹೊತ್ತು ಕೂರಿಸಿ.

ಇನ್ನೊಂದು ಎಚ್ಚರಿಕೆ: ಇದ್ದಕ್ಕಿದ್ದಂತೆ ಬಿಗಿತ ಹೆಚ್ಚಾದರೆ, ಮಾತು ಗೊಂದಲವಾದರೆ ಕಾಯಿಲೆ ಮುಂದುವರಿಯಿತೆಂದು ಸುಮ್ಮನಾಗಬೇಡಿ. ಎದೆಯ ಅಥವಾ ಮೂತ್ರದ ಸೋಂಕು ಇರಬಹುದು. ವೃದ್ಧರಲ್ಲಿ ಜ್ವರವೇ ಬಾರದಿರಬಹುದು.

ನಸುಗುನ್ನಿ ಬೀಜದ ಬಗ್ಗೆ

ಬೇಲಿಯಲ್ಲಿ ಬೆಳೆಯುವ, ಮುಟ್ಟಿದರೆ ತುರಿಸುವ ನಸುಗುನ್ನಿ ನಿಮಗೆ ಗೊತ್ತು. ಯುನಾನಿಯಲ್ಲಿ ಅದರ ಬೀಜಕ್ಕೆ ತುಖ್ಮೆ ಕೌಂಚ್ ಎನ್ನುತ್ತೇವೆ. ಅದರಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. ಅದಕ್ಕಾಗಿಯೇ ಎಚ್ಚರ ಬೇಕು. ಒಂದು ಬೀಜದಲ್ಲಿರುವಷ್ಟೇ ಇನ್ನೊಂದರಲ್ಲಿ ಇರುವುದಿಲ್ಲ. ಮಾತ್ರೆಯ ಮೇಲೆ ಅದನ್ನೂ ಸೇರಿಸಿದರೆ ಅಳತೆ ಮೀರಿ ಕೈಕಾಲು ತಂತಾನೇ ಕುಣಿಯುವುದು, ರಕ್ತದೊತ್ತಡ ಕುಸಿಯುವುದು, ಇಲ್ಲದ್ದು ಕಾಣುವುದು ಆಗಬಹುದು. ಇದನ್ನು ನಂಬಿ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಮೈ ಮರದಂತೆ ಬಿಗಿದು, ಜ್ವರ ಏರಿ ಪ್ರಾಣಕ್ಕೇ ಕುತ್ತು ಬರಬಹುದು. ಯುನಾನಿ ಓದಿದ ನಾನೇ ಹೇಳುತ್ತಿದ್ದೇನೆ: ನರರೋಗ ತಜ್ಞರಿಗೆ ತಿಳಿಸದೆ ಯಾವ ಹಕೀಮರ ಔಷಧಿಯನ್ನೂ, ನನ್ನದನ್ನೂ ಸೇರಿಸಿ, ಶುರುಮಾಡಬೇಡಿ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ತೋರಿಸಿ, ಆ ಚೀಟಿಯನ್ನು ನಮ್ಮ ಬಳಿಗೂ ತನ್ನಿ.

ರಮಝಾನ್ ಬಂದಾಗ

ದಿನಕ್ಕೆ ಮೂರು ನಾಲ್ಕು ಬಾರಿ ಮಾತ್ರೆ ಬೇಕಾದವರು ಸಹರಿಯಿಂದ ಇಫ್ತಾರ್‌ವರೆಗೆ ಮಾತ್ರೆ, ನೀರು ಎರಡನ್ನೂ ಬಿಟ್ಟರೆ ಬಿಗಿತ, ಬೀಳುವಿಕೆ, ಮಲಬದ್ಧತೆ ಎಲ್ಲ ಹೆಚ್ಚುತ್ತವೆ. ರೋಗಿಗಳಿಗೆ ಉಪವಾಸದಿಂದ ರಿಯಾಯಿತಿ ಇರುವುದು ಕುರ್‌ಆನಿನಲ್ಲೇ, ಸೂರಃ ಅಲ್ ಬಕರದಲ್ಲಿದೆ. ತಿಂಗಳಿಗೆ ಮುಂಚೆಯೇ ವೈದ್ಯರನ್ನೂ, ಫಿದ್ಯಾದ ವಿಷಯದಲ್ಲಿ ನಿಮ್ಮ ಆಲಿಮರನ್ನೂ ಕೇಳಿ. "ಇಷ್ಟು ವರ್ಷ ಬಿಟ್ಟಿಲ್ಲ, ಈಗ ಹೇಗೆ ಬಿಡಲಿ?" ಎಂದು ದಾದಾ, ದಾದಿ ಅಳುವುದುಂಟು. ಗದರಿಸಬೇಡಿ, ಪಕ್ಕದಲ್ಲಿ ಕೂತು ತಿಳಿಹೇಳಿ. ಇಫ್ತಾರಿನ ದಸ್ತರ್‌ಖಾನ್‌ನಲ್ಲಿ ಅವರ ಗಂಜಿಗೂ ಜಾಗವಿರಲಿ.

ಆ ಹಳೇಬೀಡಿನ ಮನೆಯಲ್ಲಿ ಈಗ ಗೋಡೆಗೆ ಒಂದು ಕಾಗದ ಅಂಟಿಸಿದ್ದಾರೆ. ಮಾತ್ರೆಯ ಹೊತ್ತು, ಊಟದ ಹೊತ್ತು ಎಂದು ಮೊಮ್ಮಗಳು ದೊಡ್ಡ ಅಕ್ಷರದಲ್ಲಿ ಬರೆದಿದ್ದಾಳೆ. ನಿಮ್ಮ ಮನೆಯಲ್ಲೂ ಇಂದೇ ಒಂದು ಬರೆದಿಡಿ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ, ಆರೈಕೆ ಮಾಡುವವರಿಗೆ ಸಹನೆ ನೀಡಲಿ. ಆಮೀನ್.