ಕೌದಿ ಹೊಲಿಯುವ ಕೈಗಳ ಕಾಳಜಿ

ಮನೆಯಲ್ಲಿ ಹೆರಿಗೆಯ ದಿನಗಳು ಸಮೀಪಿಸಿದವೆಂದರೆ ಹಿರಿಯ ತಾಯಂದಿರ ಕೈಗೆ ಸೂಜಿ ಬರುವುದು ನಮ್ಮ ಸೀಮೆಯ ರೂಢಿ. ಹಳೆಯ ಸೀರೆ, ಧೋತರಗಳನ್ನು ಒಗೆದು ಒಣಗಿಸಿ, ಪದರಪದರವಾಗಿ ಹಾಸಿ, ಸಾಲುಸಾಲಾಗಿ ಹೊಲಿಗೆ ಹಾಕಿದ ಕೌದಿಯು ಹುಟ್ಟುವ ಕೂಸಿಗೆ ಸಲ್ಲುವ ಮೊದಲ ಉಡುಗೊರೆ. ನೂರಾರು ಸಲ ಒಗೆಸಿಕೊಂಡ ಹತ್ತಿಬಟ್ಟೆಯ ಮೆದುತನ ಅಂಗಡಿಯ ಹೊಸ ಹೊದಿಕೆಗೆ ಬರಲಾರದು.

ಬಳ್ಳಾರಿಯಲ್ಲಿ ನಮ್ಮ ಮಗಳು ಬಸುರಿಯಾಗಿದ್ದಾಗ ಕುರುಗೋಡಿನಲ್ಲಿರುವ ನಮ್ಮ ತಾಯಿಯವರು ಕೌದಿಗೆ ಕುಳಿತರು. ಸಿರುಗುಪ್ಪದ ಚಿಕ್ಕಮ್ಮನವರು ಹಳೆಯ ಧೋತರಗಳ ಗಂಟು ಕಳುಹಿಸಿದರು. ತಾಯಿಯವರಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಎಡಗೈ ಬೆರಳಿಗೆ ಸೂಜಿ ಚುಚ್ಚಿದ್ದು ಅವರ ಅರಿವಿಗೇ ಬರಲಿಲ್ಲ. ಬಟ್ಟೆಯ ಮೇಲೆ ರಕ್ತದ ಕಲೆ ಕಂಡಾಗಲೇ ತಿಳಿದದ್ದು. ಮೂರನೆಯ ದಿನಕ್ಕೆ ಬೆರಳು ಬಾತು ಕೀವಾಯಿತು. ಚಿಕಿತ್ಸೆ ಕೊಡಿಸಿದೆವು, ಸೂಜಿಯ ಡಬ್ಬಿಯನ್ನು ಎತ್ತಿಟ್ಟೆವು. ಬೆರಳು ಮಾಯಿತು, ತಾಯಿಯವರು ಮಾತ್ರ ಮಂಕಾದರು. ಊಟ ಕಡಿಮೆಯಾಯಿತು, ಹಗಲಿನಲ್ಲಿಯೂ ಮಲಗತೊಡಗಿದರು. ‘ಕೂಸಿಗೆ ನಾನೇನು ಕೊಡಲಿ?’ ಎಂದು ಒಮ್ಮೆ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಡಬ್ಬಿಯನ್ನು ಎತ್ತಿಟ್ಟದ್ದು ನಮ್ಮ ತಪ್ಪು. ನೂಲುವ ಕದಿರ ರೆಮ್ಮವ್ವೆಯನ್ನೂ ಸೂಜಿಕಾಯಕದ ರಾಮಿತಂದೆಯನ್ನೂ ಶರಣರ ಸಾಲಿನಲ್ಲಿ ನೆನೆಯುವ ನಾವು ವಯಸ್ಸಾದವರ ಕೈಯಿಂದ ಕಾಯಕವನ್ನು ಕಸಿದುಕೊಂಡಿದ್ದೆವು.

ಮಧುಮೇಹ ದೀರ್ಘಕಾಲ ಹತೋಟಿಯಲ್ಲಿಲ್ಲದಿದ್ದರೆ ನರಗಳು ಕ್ಷೀಣಿಸಿ, ಸಾಮಾನ್ಯವಾಗಿ ಮೊದಲು ಪಾದಗಳ, ಬಳಿಕ ಕೈಬೆರಳುಗಳ ಸ್ಪರ್ಶಜ್ಞಾನ ಕುಂದುತ್ತದೆ. ನೋವು ತಿಳಿಯದು, ಗಾಯವೂ ಬೇಗ ಮಾಯದು. ಕಣ್ಣಿನ ಒಳಪದರಕ್ಕೂ ಹಾನಿಯಾಗಬಹುದಾದ್ದರಿಂದ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಅಗತ್ಯ. ತಾಯಿಯವರಿಗೆ ಹೊಸ ಕನ್ನಡಕ ಮಾಡಿಸಿದೆವು, ಬೆರಳಿಗೆ ತೊಡುವ ಲೋಹದ ಟೊಪ್ಪಿ ತಂದೆವು. ಈಗ ಬೆಳಗಿನ ಬಿಸಿಲು ಬೀಳುವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂರುತ್ತಾರೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುತ್ತಾರೆ. ಸಂಜೆ ಕೈಕಾಲುಗಳನ್ನು ನಾವೇ ನೋಡುತ್ತೇವೆ. ಎಷ್ಟು ಚಿಕ್ಕದಾದರೂ ಗಾಯ ಕಂಡರೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಧನುರ್ವಾಯು ಚುಚ್ಚುಮದ್ದಿನ ಬಗೆಗೂ ಕೇಳತಕ್ಕದ್ದು.

ಇನ್ನು ಕೂಸಿನ ವಿಚಾರ. ನಮ್ಮ ಬಿರುಬೇಸಿಗೆಯಲ್ಲಿ ದಪ್ಪ ಕೌದಿ ಸುತ್ತಿದರೆ ಮಗುವಿನ ಮೈ ಕಾಯುತ್ತದೆ, ಬೆವರುಸಾಲೆ ಏಳುತ್ತದೆ. ಎರಡು ಪದರದ ತೆಳುವಾದ ಕೌದಿ ಸಾಕು. ಬಳ್ಳಾರಿಯ ಜೀನ್ಸ್ ಹೊಲಿಗೆಮನೆಗಳಲ್ಲಿ ಉಳಿಯುವ ತುಂಡುಗಳನ್ನು ಕೆಲವರು ಸೇರಿಸುತ್ತಾರೆ. ಅವು ಎಳೆಯ ಚರ್ಮಕ್ಕೆ ಒರಟು. ಕೌದಿಯನ್ನು ಗಟ್ಟಿಯಾದ ಹಾಸಿಗೆಯ ಮೇಲೆ ಸುಕ್ಕಿಲ್ಲದಂತೆ ಹಾಸಿ, ಮಗುವನ್ನು ಅಂಗಾತ ಮಲಗಿಸಬೇಕು. ಒಂದು ವರ್ಷ ತುಂಬುವವರೆಗೆ ಮಲಗಿದ ಮಗುವಿನ ಮುಖದ ಬಳಿ ಸಡಿಲವಾದ ಹೊದಿಕೆಯಾಗಲಿ ದಿಂಬಾಗಲಿ ಇರಕೂಡದು. ಉಸಿರು ಕಟ್ಟುವ ಅಪಾಯವುಂಟು. ಹಿರಿಯರು ಬೇಸರಿಸಿಕೊಂಡರೂ ಈ ಮಾತಿನಲ್ಲಿ ಸಡಿಲಿಕೆ ಸಲ್ಲದು. ಹೊಲಿಗೆ ಮುಗಿದೊಡನೆ ಸೂಜಿಗಳನ್ನು ಎಣಿಸಿ, ಕೌದಿಯ ಮೇಲೆಲ್ಲ ಅಂಗೈ ಒತ್ತಿ ನೋಡಿ, ಬಳಿಕ ಒಗೆದು ಬಿಸಿಲಿಗೆ ಹಾಕಬೇಕು.

ತಾಯಿಯವರ ಕೌದಿ ಮುಗಿಯುವ ಹೊತ್ತಿಗೆ ಮಗುವಿಗೆ ಎರಡು ತಿಂಗಳು. ರಕ್ತದ ಕಲೆಯಾದ ತುಂಡನ್ನು ಅವರೇ ಕತ್ತರಿಸಿ ತೆಗೆದು, ಅಲ್ಲಿ ತಮ್ಮ ಹಸಿರು ಇಳಕಲ್ ಸೀರೆಯ ತೇಪೆ ಕೂರಿಸಿದ್ದಾರೆ.